ಶುಕ್ರವಾರ ಮಾತ್ರ ಚಳಿ ಹಿಡಿಯುವ ಡೀಸೆಲ್ ಗಾಡಿ

ಗಲ್ಫಿಗೆ ಹೊರಟ ಮೆಕ್ಯಾನಿಕ್ ಹುಡುಗರು ನನ್ನನ್ನು ಕಾಣಲು ಬಂದರೆ ಮೊದಲು ಕೇಳುವುದು ಸಂಬಳದ ವಿಷಯ, ಆಮೇಲೆ ಸೆಕೆಯ ವಿಷಯ. ಸಂಬಳವನ್ನು ಏಜೆಂಟರ ಹತ್ತಿರ ಕೇಳಿ ಎನ್ನುತ್ತೇನೆ. ಸೆಕೆಯ ಮಾತು ಬಂದಾಗ ಮಾತ್ರ, ನಾನು ಬಹ್ರೈನಿನಲ್ಲಿ ಹೆಸರು ಮಾಡಿದ್ದು ಚಳಿಯ ರಿಪೇರಿಯಲ್ಲಿ ಎಂದು ಹೇಳುತ್ತೇನೆ. ಹುಡುಗರು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ವಾಮನಣ್ಣನಿಗೆ ಅರಳುಮರಳು ಶುರುವಾಗಿದೆ ಎಂಬ ಅನುಮಾನ ಅವರ ಕಣ್ಣಿನಲ್ಲಿ ಕಾಣುತ್ತದೆ. ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳಿ ಸುಸ್ತಾಗಿ ಇದನ್ನು ಬರೆದಿಡುತ್ತಿದ್ದೇನೆ.

ಮೊದಲು ಸ್ವಲ್ಪ ಪಾಠ. ಪೆಟ್ರೋಲ್ ಎಂಜಿನಿಗೆ ಕಿಡಿ ಬೇಕು, ಡೀಸೆಲ್ಲಿಗೆ ಬಿಸಿ ಬೇಕು. ಸಿಲಿಂಡರಿನೊಳಗೆ ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ, ಆ ಕಾದ ಗಾಳಿಗೆ ಡೀಸೆಲ್ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಎಂಜಿನ್ ತಣ್ಣಗಿದ್ದರೆ ಅಷ್ಟು ಬಿಸಿ ಸಾಲುವುದಿಲ್ಲ. ಅದಕ್ಕೆ ಪ್ರತಿ ಸಿಲಿಂಡರಿಗೂ ಪೆನ್ಸಿಲಿನಂಥ ಒಂದು ಪುಟ್ಟ ಹೀಟರ್ ಇಟ್ಟಿರುತ್ತಾರೆ. ಅದೇ ಗ್ಲೋ ಪ್ಲಗ್. ಕೀ ತಿರುಗಿಸಿದ ಕೂಡಲೇ ಡ್ಯಾಶ್‌ಬೋರ್ಡಿನಲ್ಲಿ ಸುರುಳಿ ತಂತಿಯಂಥ ಹಳದಿ ದೀಪ ಬರುತ್ತದೆ. ಒಳಗೆ ಹೀಟರ್ ಕಾಯುತ್ತಿದೆ ಎಂದು ಅದರ ಅರ್ಥ. ದೀಪ ಆರಿದ ಮೇಲೆ ಸ್ಟಾರ್ಟ್ ಹೊಡೆಯಬೇಕು. ಅವಸರದವರು ದೀಪ ಇರುವಾಗಲೇ ಹೊಡೆದು, ಎಂಜಿನ್ ಕೆಮ್ಮಿ ಬಿಳಿ ಹೊಗೆ ಉಗುಳಿದಾಗ ಮೆಕ್ಯಾನಿಕ್ಕಿಗೆ ಬೈಯುತ್ತಾರೆ.

ನಮ್ಮ ಗ್ಯಾರೇಜಿನ ಬಹ್ರೈನಿ ಮಾಲೀಕರು ನಾನು ಸೇರಿದ ಹೊಸತರಲ್ಲಿ ಶೆಲ್ಫಿನ ಮೇಲಿದ್ದ ಗ್ಲೋ ಪ್ಲಗ್ಗಿನ ಡಬ್ಬಿ ನೋಡಿ, "ಇಲ್ಲಿ ಬೋನೆಟ್ಟಿನ ಮೇಲೆ ಮೊಟ್ಟೆ ಬೇಯುತ್ತದೆ, ನೀವು ಎಂಜಿನಿಗೆ ಹೀಟರ್ ಮಾರುತ್ತೀರಿ" ಎಂದು ನಕ್ಕಿದ್ದರು. ಜನವರಿಯಲ್ಲಿ ಅವರದೇ ಪಿಕಪ್ ಬೆಳಿಗ್ಗೆ ಏಳಲಿಲ್ಲ. ಆಮೇಲೆ ನಗಲಿಲ್ಲ. ಬಹ್ರೈನಿನ ಚಳಿ ಚಿಕ್ಕದು, ಆದರೆ ಕಳ್ಳ. ಬೇಸಿಗೆಯಲ್ಲಿ ನಾಲ್ಕು ಪ್ಲಗ್ಗಿನಲ್ಲಿ ಮೂರು ಸತ್ತಿದ್ದರೂ ಗಾಡಿ ಹೇಗೋ ಎದ್ದು ಓಡುತ್ತದೆ. ಪ್ಲಗ್ಗುಗಳು ಸಾಯುವುದು ಸೆಕೆಯಲ್ಲಿ, ಸಾವಿನ ಸುದ್ದಿ ಬರುವುದು ಚಳಿಯಲ್ಲಿ. ಜಿಂಜ್ ಬಡಾವಣೆಯಲ್ಲಿ ಒಬ್ಬ ಆಫೀಸ್ ಮ್ಯಾನೇಜರರ ಜೀಪು ಪ್ರತಿ ಜನವರಿಯಲ್ಲೂ ಎಷ್ಟು ಹೊಗೆ ಬಿಡುತ್ತಿತ್ತೆಂದರೆ, ಮೇಲಿನ ಫ್ಲ್ಯಾಟಿನ ಹೆಂಗಸು ಬಟ್ಟೆ ಒಣಗಿಸುವ ಮೊದಲು ಇವರು ಆಫೀಸಿಗೆ ಹೋದರೇ ಎಂದು ಇಂಟರ್‌ಕಾಮಿನಲ್ಲಿ ವಿಚಾರಿಸುತ್ತಿದ್ದರು. ಎರಡು ಪ್ಲಗ್ ಬದಲಿಸಿದ ಮೇಲೆ ಹೊಗೆ ನಿಂತಿತು. ವಿಚಾರಣೆ ಮಾತ್ರ ನಿಲ್ಲಲಿಲ್ಲವಂತೆ.

ನನ್ನ ಮೇಲಧಿಕಾರಿ ಫೋರ್‌ಮನ್ ಫೆಲಿಕ್ಸ್. ಮಂಗಳೂರು ಕಡೆಯ ಕೊಂಕಣಿ ಮನುಷ್ಯ, ದಪ್ಪ ಮೀಸೆ, ಗಟ್ಟಿ ಗಂಟಲು. ಗಾಡಿ ಏಳದಿದ್ದರೆ ಅದಕ್ಕೆ ಬ್ಯಾಟರಿಯೇ ಕಾರಣ ಎಂಬುದು ಅವರ ನಂಬಿಕೆ. ಬ್ಯಾಟರಿ ಹೊಸದಾದರೆ, ಹೊಸ ಬ್ಯಾಟರಿಯೇ ಕೆಟ್ಟದ್ದು ಎನ್ನುತ್ತಿದ್ದರು. ಆದರೆ ಗ್ಲೋ ಪ್ಲಗ್ ಪರೀಕ್ಷಿಸುವುದರಲ್ಲಿ ಅವರಷ್ಟು ಶೋಕಿಯವರನ್ನು ನಾನು ಕಂಡಿಲ್ಲ. ಪ್ಲಗ್ಗನ್ನು ಬಿಚ್ಚಿ ಇಕ್ಕಳದಲ್ಲಿ ಹಿಡಿದು ಬ್ಯಾಟರಿಗೆ ತಾಗಿಸುವುದು, ತುದಿ ನಿಗಿನಿಗಿ ಕೆಂಪಾದ ಮೇಲೆ ಅದರಿಂದಲೇ ಸಿಗರೇಟು ಹಚ್ಚುವುದು. ಹೊತ್ತಿದರೆ ಪ್ಲಗ್ ಪಾಸು. ಗಿರಾಕಿಗಳು ಬೆರಗಾಗಿ ನೋಡುತ್ತಿದ್ದರು.

ಆಮೇಲೆ ಹೊಸ ನಮೂನೆಯ ಗಾಡಿಗಳು ಬಂದವು. ಅವುಗಳ ಪ್ಲಗ್ಗಿಗೆ ಕಡಿಮೆ ವೋಲ್ಟೇಜ್ ಸಾಕು, ಕಂಪ್ಯೂಟರ್ ಅಳೆದು ಕೊಡುತ್ತದೆ. ಬಿಚ್ಚದೆ, ಮೀಟರಿನಿಂದಲೋ ಸ್ಕ್ಯಾನರಿನಿಂದಲೋ ನೋಡಿ ಎಂದು ಪ್ಯಾಕೆಟ್ಟಿನ ಮೇಲೆಯೇ ಬರೆದಿತ್ತು. ನಾನು ಓದಿ ಹೇಳಿದೆ.

"ಪ್ಯಾಕೆಟ್ ಓದಿ ರಿಪೇರಿ ಮಾಡುವವ ಮದ್ದಿನಂಗಡಿ ಇಡಬೇಕು" ಎಂದರು ಫೆಲಿಕ್ಸ್. ಸಿಗರೇಟು ಬಾಯಿಗಿಟ್ಟು ಪ್ಲಗ್ಗನ್ನು ಬ್ಯಾಟರಿಗೆ ತಾಗಿಸಿದರು. ಫಟ್ ಎಂದಿತು. ತುದಿ ಎಲ್ಲಿಗೆ ಹಾರಿತೋ ಇವತ್ತಿಗೂ ಸಿಕ್ಕಿಲ್ಲ. ಎಡಗಡೆಯ ಮೀಸೆ ಅರ್ಧ ಕರಕಲಾಗಿ, ಗ್ಯಾರೇಜಿನ ತುಂಬ ಸುಟ್ಟ ಕೂದಲಿನ ವಾಸನೆ. ಫೆಲಿಕ್ಸ್ ಉಳಿದ ಮೀಸೆ ಸವರಿಕೊಂಡು, "ಬ್ಯಾಟರಿ ಹೆಚ್ಚು ಚಾರ್ಜ್ ಆಗಿದೆ" ಎಂದರು. ಮರುದಿನ ಬಲಗಡೆಯ ಮೀಸೆಯನ್ನೂ ಬೋಳಿಸಿಕೊಂಡು ಬಂದರು. ಅಂದಿನಿಂದ ನಮ್ಮ ಗ್ಯಾರೇಜಿನಲ್ಲಿ ಪ್ಲಗ್ಗುಗಳನ್ನು ಜಾಗದಲ್ಲೇ ಬಿಟ್ಟು ಮೀಟರ್ ಇಟ್ಟು ನೋಡುವ ಪದ್ಧತಿ ಬಂತು. ಹೊಸ ಪದ್ಧತಿಗಳು ತರಬೇತಿಯಿಂದ ಬರುತ್ತವೆ ಎಂದು ನಿಮಗೆ ಹೇಳಿಕೊಟ್ಟಿರಬಹುದು. ನಮ್ಮಲ್ಲಿ ಮೀಸೆಯಿಂದ ಬಂತು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಕೇಸು, ಅಬೂಬಕ್ಕರ್ ಹಾಜಿಯವರದ್ದು.

ಹಾಜಿ ಉಳ್ಳಾಲದ ಬ್ಯಾರಿ ಸಮುದಾಯದವರು. ಮನಾಮದಲ್ಲಿ ಅವರಿಗೆ ಮೊಳೆ, ನಲ್ಲಿ, ಪೈಂಟ್ ಮಾರುವ ದೊಡ್ಡ ಅಂಗಡಿ, ರಿಫಾದಲ್ಲಿ ಮನೆ. ಜರ್ಮನಿಯಿಂದ ಬಂದ ಒಂದು ಹಳೆಯ ಡೀಸೆಲ್ ಸ್ಟೇಷನ್ ವ್ಯಾಗನ್ ಅವರ ಪ್ರಾಣ. ವಾರವಿಡೀ ಅಂಗಡಿಯ ಡ್ರೈವರ್ ವ್ಯಾನಿನಲ್ಲಿ ಬಂದು ಅವರನ್ನು ಕರೆದೊಯ್ಯುತ್ತಿದ್ದ. ಆ ಡೀಸೆಲ್ ಗಾಡಿಯನ್ನು ಅವರು ತಾವೇ ಓಡಿಸುವುದು ಶುಕ್ರವಾರ ಬೆಳಿಗ್ಗೆ ಮಾತ್ರ. ಚಳಿಗಾಲದಲ್ಲಿ ಬಹ್ರೈನಿನವರು ಸಖೀರಿನ ಮರಳಿನಲ್ಲಿ ಟೆಂಟು ಹಾಕಿ ಕೂರುತ್ತಾರಲ್ಲ, ಹಾಜಿಯ ಗೆಳೆಯರದೂ ಅಲ್ಲೊಂದು ಟೆಂಟು. ನಸುಕಿನ ಫಜರ್ ನಮಾಜು ಮುಗಿಸಿ, ಬೆಳಕು ಹರಿಯುವ ಮೊದಲೇ ಹೊರಟು, ಅಲ್ಲಿ ಬೆಂಕಿಯ ಸುತ್ತ ಕೂತು ತಿಂಡಿ ತಿಂದರೇನೇ ಅವರಿಗೆ ಆ ವಾರ ಮುಗಿದಂತೆ.

ಒಂದು ಚಳಿಗಾಲ ಗಾಡಿ ಶುಕ್ರವಾರ ಬೆಳಿಗ್ಗೆ ಏಳುವುದನ್ನೇ ನಿಲ್ಲಿಸಿತು. ಶನಿವಾರ ಅಂಗಡಿಯ ಡ್ರೈವರ್ ಅದನ್ನು ನಮ್ಮಲ್ಲಿಗೆ ತರುತ್ತಿದ್ದ. ಅವನ ಕೈಯಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್. ನಮ್ಮ ಕೈಯಲ್ಲೂ ಹಾಗೆಯೇ. ರಾತ್ರಿ ಗ್ಯಾರೇಜಿನ ಹೊರಗೆ ನಿಲ್ಲಿಸಿ ಬೆಳಿಗ್ಗೆ ಚಳಿಯಲ್ಲಿ ಹೊಡೆದು ನೋಡಿದೆವು, ಬೆಕ್ಕಿನ ಹಾಗೆ ಗುರುಗುಟ್ಟಿ ಎದ್ದಿತು. ಮುಂದಿನ ಶುಕ್ರವಾರ ಹಾಜಿಯ ಫೋನು: "ಇದು ಮತ್ತೆ ಮಲಗಿದೆ."

ಫೆಲಿಕ್ಸ್ ಬ್ಯಾಟರಿ ಬದಲಿಸಿದರು. ಆಗಲಿಲ್ಲ. ನಾನು ಪ್ಲಗ್ಗುಗಳಿಗೆ ಮೀಟರ್ ಇಟ್ಟು ನೋಡಿದೆ, ಎಲ್ಲವೂ ಗಟ್ಟಿ. ಆದರೂ ಬದಲಿಸಿದೆವು. ಡೀಸೆಲ್ ಫಿಲ್ಟರ್ ಬದಲಿಸಿದೆವು. ಪ್ಲಗ್ಗಿಗೆ ಕರೆಂಟು ಬಿಡುವ ಟೈಮರ್ ರಿಲೇ ಬೇರೆ ಹಾಕಿದೆವು. ಪ್ರತಿ ಸಲ ಫೋನಿನಲ್ಲಿ ನಾನು ಕೇಳುವುದು ಒಂದೇ.

"ಹಾಜಿ, ಹಳದಿ ದೀಪ ಬರ್ತದಾ?"

"ಬರ್ತದೆ ಮಾರಾಯ. ಬಂದು ಚಂದ ಮಾಡಿ ಹೋಗ್ತದೆ. ಆಮೇಲೇ ನಾನು ಹೊಡೆಯುದು."

ಇಲ್ಲಿ ಹುಡುಗರು ಗಮನವಿಡಿ. ಆ ಜಾತಿಯ ಗಾಡಿಯಲ್ಲಿ ಪ್ಲಗ್ಗಿಗೆ ಹೋಗುವ ಕರೆಂಟು ಒಂದು ತಗಡಿನ ಪಟ್ಟಿಯಂಥ ಫ್ಯೂಸಿನ ಮೂಲಕ ಹೋಗುತ್ತದೆ. ಆ ಫ್ಯೂಸ್ ಇಲ್ಲದಿದ್ದರೆ ಪ್ಲಗ್ಗೂ ಕಾಯುವುದಿಲ್ಲ, ಹಳದಿ ದೀಪವೂ ಬರುವುದಿಲ್ಲ. ದೀಪ ಬರುತ್ತದೆ ಎಂದರೆ ಫ್ಯೂಸ್ ಸರಿ ಇದೆ ಎಂದೇ ಅರ್ಥ. ಹಾಗಾಗಿ ನಾವು ಅದರ ತಂಟೆಗೇ ಹೋಗಲಿಲ್ಲ.

ಹಾಜಿಗೆ ನಮ್ಮ ಮೇಲಿನ ನಂಬಿಕೆ ಸಡಿಲವಾಗತೊಡಗಿತು. ಫೆಲಿಕ್ಸರ ಸ್ಥಿತಿ ಇನ್ನೂ ಕೆಟ್ಟದ್ದು. ಮಾಲೀಕರು ಅವರನ್ನು ಕರೆದು, ಒಂದು ಹಳೆಯ ಗಾಡಿಯನ್ನು ಎಬ್ಬಿಸಲಾಗದ ಫೋರ್‌ಮನ್ ನನಗೆ ಯಾಕೆ ಎಂದು ಎಲ್ಲರೆದುರೇ ಕೇಳಿದ್ದರು. ಫೆಲಿಕ್ಸ್ ನನ್ನ ಹತ್ತಿರ ಬಂದು ದನಿ ತಗ್ಗಿಸಿ, "ವಾಮನಾ, ಒಂದು ಶುಕ್ರವಾರ ಆ ಮನೆಗೇ ಹೋಗು. ಗಾಡಿ ನಮ್ಮ ಮುಂದೆ ನಾಟಕ ಆಡ್ತಾ ಉಂಟು" ಎಂದರು. ಅವರು ದನಿ ತಗ್ಗಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ರಜೆಯ ದಿನ ಎಂದು ಗೊಣಗಬೇಕೆಂದಿದ್ದವನು ಒಪ್ಪಿಕೊಂಡೆ.

ಶುಕ್ರವಾರ ನಸುಕಿನಲ್ಲಿ ರಿಫಾ ತಲುಪಿದೆ. ಒಳ್ಳೆಯ ಚಳಿಗಾಳಿ. ಹಾಜಿ ಮಸೀದಿಯಿಂದ ಬಂದವರು ಉಣ್ಣೆಯ ಶಾಲು ಸುತ್ತಿಕೊಂಡೇ ಗಾಡಿಯಲ್ಲಿ ಕೂತರು.

"ನಿನ್ನ ಎದುರೇ ತೋರಿಸ್ತೇನೆ ನೋಡು. ದೀಪ ಬಂತು. ಹಾಂ, ಹೋಯ್ತು." ಕೀ ತಿರುಗಿಸಿದರು. ಎಂಜಿನ್ ದುರ್‌ದುರ್ ಎಂದು ತಿರುಗಿತೇ ಹೊರತು ಹೊತ್ತಿಕೊಳ್ಳಲಿಲ್ಲ.

ನಾನು ಬೋನೆಟ್ ಎತ್ತಿದೆ. ಬೇರೆ ಏನೂ ಉಳಿದಿರಲಿಲ್ಲವಾದ್ದರಿಂದ ಸುಮ್ಮನೆ ಆ ಫ್ಯೂಸಿನ ಕಪ್ಪು ಮುಚ್ಚಳ ತೆಗೆದೆ. ಒಳಗೆ ಫ್ಯೂಸೇ ಇಲ್ಲ. ಸುಟ್ಟುಹೋಗಿದ್ದರೆ ತುಂಡು, ಮಸಿ ಏನಾದರೂ ಇರಬೇಕಿತ್ತು. ಇಲ್ಲಿ ಪಟ್ಟಿಯನ್ನು ಬಿಚ್ಚಿ ತೆಗೆದು, ಸ್ಕ್ರೂ ಕಳೆದುಹೋಗದಂತೆ ಮತ್ತೆ ಅದರ ಜಾಗಕ್ಕೇ ತಿರುಗಿಸಿ ಇಟ್ಟಿದ್ದರು. ಅಷ್ಟು ಅಚ್ಚುಕಟ್ಟು ನಮ್ಮ ಗ್ಯಾರೇಜಿನಲ್ಲೇ ಇರಲಿಲ್ಲ.

ಅಷ್ಟರಲ್ಲಿ ಟೆಂಟಿನಿಂದ ಹಾಜಿಗೆ ಫೋನು ಬಂತು. ಅವರು ಮಾತಾಡುತ್ತ ಗೇಟಿನ ಹೊರಗೆ ಹೋದರು. ಅಡಿಗೆಮನೆಯ ಬಾಗಿಲು ತೆರೆದು ಅವರ ಹೆಂಡತಿ ಮೈಮೂನಾ ಹಾಲಿಲ್ಲದ ಸುಲೈಮಾನಿ ಚಹಾ ತಂದರು. ತಟ್ಟೆಯಲ್ಲಿ ಎರಡು ಖರ್ಜೂರ, ಅದರ ಪಕ್ಕದಲ್ಲಿ ಫ್ಯೂಸು.

ನಾನು ಫ್ಯೂಸನ್ನೂ ಅವರನ್ನೂ ನೋಡಿದೆ.

"ಮುಚ್ಚಳ ತೆಗೆದದ್ದು ಕಿಟಕಿಯಿಂದ ಕಂಡೆ" ಎಂದರು ಅವರು. "ಇನ್ನು ಅಡಗಿಸಿ ಎಂತ ಪ್ರಯೋಜನ?"

"ಇದನ್ನು ಬಿಚ್ಚಲಿಕ್ಕೆ ನಿಮಗೆ ಯಾರು ಕಲಿಸಿದ್ದು?"

"ನೀವೇ. ಹೋದ ವರ್ಷ ಇಲ್ಲೇ ನಿಂತು ಹೇಳಿದಿರಲ್ಲ, ಇದು ಇಲ್ಲದಿದ್ದರೆ ಚಳಿಗೆ ಗಾಡಿ ಏಳುವುದೇ ಇಲ್ಲ ಅಂತ. ನನ್ನ ಅಪ್ಪನಿಗೆ ಬೋಟು ಇತ್ತು. ಎಂಜಿನ್ ನನಗೆ ಹೊಸತಲ್ಲ. ಮೀನು ಕೊಯ್ಯುವ ಚಾಕುವಿನ ತುದಿ ಆ ಸ್ಕ್ರೂವಿಗೆ ಸರಿಯಾಗ್ತದೆ. ಇವರು ಮಸೀದಿಗೆ ಹೋದಾಗ ತೆಗೀತೇನೆ, ಮಧ್ಯಾಹ್ನ ಹಾಕ್ತೇನೆ."

ಯಾಕೆ ಎಂದು ನಾನು ಕೇಳುವ ಮೊದಲೇ ಅವರು ಗೇಟಿನ ಕಡೆ ನೋಡಿ ಬೇಗ ಬೇಗ ಹೇಳಿದರು.

"ಇವರಿಗೆ ಕಣ್ಣು ಕಾಣುದಿಲ್ಲ ವಾಮನಣ್ಣ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಹಗಲು ಹೇಗೋ ನಡೀತದೆ, ಕತ್ತಲಲ್ಲಿ ಏನೂ ಇಲ್ಲ. ಚಳಿ ಶುರುವಾದಾಗ ಒಂದು ಶುಕ್ರವಾರ ನನ್ನನ್ನು ಕೂರಿಸಿಕೊಂಡು ಹೋದರು. ರೌಂಡಬೌಟಿಗೆ ಸುತ್ತು ಬರಲಿಲ್ಲ, ಅದರ ಮೇಲೆಯೇ ಹತ್ತಿಸಿ ಆಚೆ ಇಳಿಸಿದರು. ಹೂವಿನ ಗಿಡ ಎಲ್ಲ ಟಯರಿನ ಅಡಿಗೆ. ಕೇಳಿದರೆ, ಹೊಸ ರೋಡು ಸರಿ ಮಾಡಿಲ್ಲ ಅಂತಾರೆ. ಆ ಹೊತ್ತಿಗೆ ಸೈಕಲಿನಲ್ಲಿ ಕೆಲಸಕ್ಕೆ ಹೋಗುವ ಎಷ್ಟು ಹುಡುಗರು ಇರ್ತಾರೆ. ಒಬ್ಬ ಅಡ್ಡ ಬಂದರೆ?"

"ಆಪರೇಷನ್?"

"ಕಣ್ಣಿಗೆ ಕತ್ತಿ ಹಾಕಲಿಕ್ಕೆ ಬಿಡುದಿಲ್ಲ ಅಂತ ಹಟ. ಕಾಣುದಿಲ್ಲ ಅಂತ ಒಪ್ಪಿಕೊಳ್ಳುದೂ ಇಲ್ಲ. ನಾನು ಹೇಳಿದರೆ ಜಗಳ. ಗಾಡಿ ಹೇಳಿದರೆ ಸುಮ್ಮನೆ ಮನೆಯಲ್ಲಿ ಕೂರ್ತಾರೆ."

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಫ್ಯೂಸ್ ಇಲ್ಲದೆ ಹಳದಿ ದೀಪ ಬರುವುದೇ ಇಲ್ಲ. ಆದರೂ ಈಗಷ್ಟೇ ಹಾಜಿ ಬಂತು, ಹೋಯ್ತು ಎಂದಿದ್ದರು. ಎಷ್ಟು ವಾರ ನಾವು ಆ ಮಾತನ್ನು ನಂಬಿ ಎಂಜಿನನ್ನು ಬಿಚ್ಚಿ ಜೋಡಿಸಿದ್ದೆವು. ನಗು ಬಂತು, ಅದರ ಹಿಂದೆಯೇ ಹೆದರಿಕೆಯೂ ಬಂತು. ಎದುರಿನ ದೀಪ ಇದೆಯೋ ಇಲ್ಲವೋ ತಿಳಿಯದ ಮನುಷ್ಯ ಇನ್ನೇನು ಕತ್ತಲಲ್ಲಿ ಹೆದ್ದಾರಿಗೆ ಇಳಿಯುವವರಿದ್ದರು, ಅದೂ ನನ್ನ ಸಹಾಯದಿಂದ.

ಮೈಮೂನಾ ಒಳಗೆ ಹೋದರು. ನಾನು ಫ್ಯೂಸನ್ನು ಜೇಬಿಗೆ ಹಾಕಿಕೊಂಡೆ. ಹಾಜಿ ವಾಪಸು ಬಂದಾಗ, "ಒಂದು ಟೆಸ್ಟ್ ಮಾಡುವ" ಎಂದು ಅವರನ್ನು ಸ್ಟಿಯರಿಂಗಿನ ಹಿಂದೆ ಕೂರಿಸಿ ನಾನು ಪಕ್ಕದಲ್ಲಿ ಕೂತೆ.

"ಕೀ ತಿರುಗಿಸಿ ಹಾಜಿ. ದೀಪ ಬಂತಾ?"

"ಬಂತು."

ಹಳದಿ ದೀಪದ ಜಾಗ ಕಪ್ಪಗಿತ್ತು. "ಈಗ?"

"ಹೋಯ್ತು."

ನಾನು ಇಳಿದು ಫ್ಯೂಸ್ ಹಾಕಿ ಬಂದೆ. ಮತ್ತೆ ಕೀ ತಿರುಗಿಸಲು ಹೇಳಿದೆ. ಈ ಸಲ ದೀಪ ನಿಜವಾಗಿ ಹೊತ್ತಿತು.

"ಬಂತಾ?"

"ಬಂತು. ಹೋಯ್ತು."

ದೀಪ ಇನ್ನೂ ಉರಿಯುತ್ತಿತ್ತು. ನಾನು ಅದರ ಮೇಲೆ ಬೆರಳಿಟ್ಟೆ. "ಹಾಜಿ, ಇಲ್ಲಿ ಉಂಟು ದೀಪ. ಹೋಗಿಲ್ಲ."

ಅವರು ಬಗ್ಗಿದರು. ಮೂಗು ಸ್ಟಿಯರಿಂಗಿಗೆ ತಾಗಿತು. ಅಷ್ಟರಲ್ಲಿ ದೀಪ ಆರಿತು. ಅವರು ಹಾಗೆಯೇ ಬಗ್ಗಿಕೊಂಡು ನೋಡುತ್ತಲೇ ಇದ್ದರು.

"ಆ ಬದಿಯಲ್ಲಿ ಅಲ್ವಾ ಅದು ಇರುದು?" ಎಂದು ಬಲಗಡೆ ತೋರಿಸಿದರು.

"ಅದು ಗಡಿಯಾರ ಹಾಜಿ."

ಅವರು ನಿಧಾನಕ್ಕೆ ಸೀಟಿಗೆ ಒರಗಿದರು. ಆಮೇಲೆ ಅವರೇ ಹೇಳಿದರು. "ನಾನು ಕೀ ತಿರುಗಿಸಿ ಬಿಸ್ಮಿಲ್ಲಾ ಹೇಳ್ತೇನೆ. ಹೇಳಿ ಮುಗಿಯುವಾಗ ದೀಪ ಹೋಗಿರ್ತದೆ ಅಂತ ಅಂದಾಜು. ಎರಡು ವರ್ಷದಿಂದ ಹಾಗೇ ನಡೀತಾ ಉಂಟು." ದನಿ ತೀರ ಸಣ್ಣದಾಗಿತ್ತು. "ರೋಡು ಕೂಡ ಹಾಗೇ. ಗೊತ್ತಿರುವ ದಾರಿ ಅಲ್ವಾ, ಅಂದಾಜಿನಲ್ಲಿ ಹೋಗ್ತೇನೆ."

"ಗಾಡಿಗೆ ಏನೂ ಆಗಿಲ್ಲ ಹಾಜಿ" ಎಂದೆ. ಅದಕ್ಕಿಂತ ಕೆಟ್ಟ ಮಾತು ಆ ಹೊತ್ತಿನಲ್ಲಿ ಇನ್ನೊಂದಿರಲಿಲ್ಲ.

ಅವರು ನೆಟ್ಟಗೆ ಕೂತರು. "ನೀನು ಇಳಿದು ಹೋಗಿ ಹಾಕಿದ್ದು ಎಂತ?"

"ಫ್ಯೂಸು."

"ಅದನ್ನು ತೆಗೆದದ್ದು ಯಾರು?"

"ನಾನೇ. ಟೆಸ್ಟಿಗೋಸ್ಕರ."

ಹಾಜಿ ಅಡಿಗೆಮನೆಯ ಕಡೆ ಮುಖ ತಿರುಗಿಸಿದರು. "ಹೋದ ಶುಕ್ರವಾರ ನೀನು ಎಲ್ಲಿದ್ದೆ?"

ನಾನು ಚಹಾ ಕುಡಿಯತೊಡಗಿದೆ. ಬಾಗಿಲ ಹಿಂದೆ ಪಾತ್ರೆಯೊಂದು ಸದ್ದು ಮಾಡಿತು. ಹಾಜಿ ಕೀ ಕಿತ್ತುಕೊಂಡು ಒಳಗೆ ಹೋದವರು ನನಗೆ ಹೋಗಿ ಬಾ ಎಂದೂ ಹೇಳಲಿಲ್ಲ.

ಗ್ಯಾರೇಜಿನಲ್ಲಿ ಫೆಲಿಕ್ಸರಿಗೆ ಮಾತ್ರ ನಿಜ ಹೇಳಿದೆ. ಅವರು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ಆಮೇಲೆ ನಗು ನಿಲ್ಲಿಸಿ, "ಆ ಹೆಂಗಸಿಗೆ ಎಷ್ಟು ಧೈರ್ಯ" ಎಂದರು. ಹಾಜಿ ನಮ್ಮ ಫೋನು ಎತ್ತುವುದನ್ನು ಬಿಟ್ಟರು. ಗಾಡಿ ಬೇರೊಂದು ಗ್ಯಾರೇಜಿಗೆ ಹೋಯಿತೆಂದು ಸುದ್ದಿ ಬಂತು. ಅಲ್ಲಿಯವರೂ ಬ್ಯಾಟರಿ, ಪ್ಲಗ್ಗು, ಫಿಲ್ಟರ್ ಬದಲಿಸಿದರಂತೆ. ಶುಕ್ರವಾರ ಗಾಡಿ ಏಳಲಿಲ್ಲವಂತೆ. ಮೈಮೂನಾ ಫ್ಯೂಸಿನ ಕೆಲಸ ಬಿಟ್ಟಿರಲಿಲ್ಲ. ಹಾಜಿಗೂ ಈಗ ಕಾರಣ ಗೊತ್ತು, ಮೈಮೂನಾಗೂ ಅವರಿಗೆ ಗೊತ್ತೆಂದು ಗೊತ್ತು. ಆದರೂ ಇಬ್ಬರೂ ಪ್ರತಿ ವಾರ ಗಾಡಿಯನ್ನೇ ಬೈಯುತ್ತಿದ್ದರಂತೆ. ಅಷ್ಟು ವರ್ಷದ ದಾಂಪತ್ಯದಲ್ಲಿ ಅದೂ ಒಂದು ಮರ್ಯಾದೆ ಇರಬೇಕು.

ಕೊನೆಗೆ ಫೆಲಿಕ್ಸರೇ ಒಂದು ದಿನ ನನ್ನನ್ನು ಕರೆದುಕೊಂಡು ಮನಾಮದ ಅಂಗಡಿಗೆ ಹೋದರು. ಹಾಜಿ ನನ್ನ ಕಡೆ ನೋಡಲಿಲ್ಲ. ಫೆಲಿಕ್ಸ್ ಕಣ್ಣಿನ ಮಾತೇ ಎತ್ತದೆ ಸ್ಟೂಲಿನ ಮೇಲೆ ಕೂತು ಕೇಳಿದರು.

"ಹಾಜಿ, ನಿಮ್ಮ ಗಾಡಿಯ ಹೆಡ್‌ಲೈಟು ಬಿಸಿಲಿಗೆ ಹಳದಿಯಾಗಿ ಮಂಜು ಕವಿದಿತ್ತಲ್ಲ, ನೆನಪುಂಟಾ? ನಾವು ಎಂತ ಮಾಡಿದ್ದು?"

"ಗ್ಲಾಸ್ ಬದಲಿಸಿದಿರಿ."

"ಬಲ್ಬು ಮುಟ್ಟಿದೆವಾ? ವಯರಿಂಗ್ ಮುಟ್ಟಿದೆವಾ?"

"ಇಲ್ಲ."

"ಅಷ್ಟೇ ಇದು. ಬಲ್ಬು, ವಯರಿಂಗ್ ಎಲ್ಲ ಒರಿಜಿನಲ್ ಇರ್ತದೆ. ಎದುರಿನ ಗ್ಲಾಸ್ ಮಾತ್ರ ಹೊಸತು."

ಹಾಜಿ ತುಂಬ ಹೊತ್ತು ಕೌಂಟರಿನ ಮೇಲಿನ ಮೊಳೆಗಳನ್ನು ಬೆರಳಿನಲ್ಲಿ ಸರಿಸುತ್ತ ಕೂತರು. "ಗ್ಲಾಸ್ ಒಡೆದು ಹೋದರೆ?" ಎಂದು ಕೇಳಿದರು. ಆಗ ಗೊತ್ತಾಯಿತು, ಇಷ್ಟು ದಿನ ಅವರು ಹಟ ಮಾಡುತ್ತಿರಲಿಲ್ಲ, ಹೆದರಿದ್ದರು.

"ನಾನು ಹೊರಗೆ ಕೂತಿರ್ತೇನೆ" ಎಂದರು ಫೆಲಿಕ್ಸ್.

ಮಾತಿಗೆ ತಪ್ಪದೆ ಕೂತರು. ಆಸ್ಪತ್ರೆಯ ಬೆಂಚಿನಲ್ಲಿ ಒಂದು ಕಡೆ ಫೆಲಿಕ್ಸ್ ಜಪಮಾಲೆ ಹಿಡಿದಿದ್ದರು, ಇನ್ನೊಂದು ಕಡೆ ಮೈಮೂನಾ ತಸ್ಬೀಹ್ ಮಣಿ ಎಣಿಸುತ್ತಿದ್ದರು, ನಡುವೆ ನಾನು. ಹಾಜಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನಡೆದೇ ಹೊರಗೆ ಬಂದು, "ಮುಗೀತಂತೆ. ಶುರುವಾದದ್ದೇ ಗೊತ್ತಾಗಲಿಲ್ಲ" ಎಂದು ಮೋಸ ಹೋದವರ ಹಾಗೆ ಹೇಳಿದರು. ಇನ್ನೊಂದು ಕಣ್ಣಿಗೆ ಯಾರೂ ಒತ್ತಾಯ ಮಾಡಬೇಕಾಗಲಿಲ್ಲ.

ನಿಮ್ಮ ಕೈಯಲ್ಲಿ ನಮ್ಮದಕ್ಕಿಂತ ಒಳ್ಳೆಯ ಸ್ಕ್ಯಾನರ್ ಇರುತ್ತದೆ. ಪ್ಲಗ್ ಎಷ್ಟು ಕರೆಂಟು ಎಳೆಯುತ್ತದೆ, ಎಷ್ಟು ಹೊತ್ತು ಕಾಯುತ್ತದೆ ಎಲ್ಲ ಅದು ಹೇಳುತ್ತದೆ, ನಂಬಿ. ಗಿರಾಕಿ ದೀಪ ಬಂತು ಎಂದರೆ ಮಾತ್ರ ಒಮ್ಮೆ ಪಕ್ಕದ ಸೀಟಿನಲ್ಲಿ ಕೂತು ನೋಡಿ.

ಚಳಿ ಮುಗಿಯುತ್ತ ಬಂದಾಗ ಹಾಜಿ ತಾವೇ ಗಾಡಿ ಓಡಿಸಿಕೊಂಡು ಗ್ಯಾರೇಜಿಗೆ ಬಂದರು. ಪಕ್ಕದಲ್ಲಿ ಮೈಮೂನಾ. ಸಖೀರಿನಿಂದ ನೇರವಾಗಿ ಬಂದಿದ್ದರು, ಟಯರಿನಲ್ಲಿ ಇನ್ನೂ ಮರಳಿತ್ತು. ಹಾಜಿ ಇಳಿದು ಗ್ಯಾರೇಜನ್ನು ಹೊಸದಾಗಿ ಕಂಡವರಂತೆ ಸುತ್ತ ನೋಡಿದರು. ಎಣ್ಣೆ ಕಲೆಯ ಗೋಡೆ, ಸಾಲಾಗಿ ತೂಗುಹಾಕಿದ ಸ್ಪ್ಯಾನರುಗಳು, ಎಲ್ಲವನ್ನೂ ನೋಡಿ, ಕೊನೆಗೆ ನನ್ನ ಮುಂದೆ ಬಂದು ನಿಂತರು. ಅಷ್ಟು ದಿನದ ಮುನಿಸಿಗೆ ಏನಾದರೂ ಹೇಳುತ್ತಾರೆ ಎಂದು ಕಾದೆ. ಅವರು ನನ್ನ ತಲೆಯಿಂದ ಗಲ್ಲದವರೆಗೆ ನಿಧಾನವಾಗಿ ನೋಡಿದರು.

"ವಾಮನಾ, ನಿನ್ನ ತಲೆ ಪೂರಾ ಬೆಳ್ಳಗಾಗಿದೆಯಲ್ಲ ಮಾರಾಯ. ನಾನು ಇಷ್ಟು ವರ್ಷ ಯಾರೋ ಹುಡುಗನ ಹತ್ತಿರ ಮಾತಾಡ್ತಿದ್ದೇನೆ ಅಂತ ಇದ್ದೆ."

ಫೆಲಿಕ್ಸ್ ಟೂಲ್ ಬಾಕ್ಸಿನ ಮೇಲೆ ಕೂತು ನಕ್ಕರು. ಮೈಮೂನಾ ಸೆರಗು ಬಾಯಿಗೆ ಹಿಡಿದರು. ಹಾಜಿ ಮಾತ್ರ ನಗದೆ, ನನ್ನ ಭುಜದ ಮೇಲೆ ಕೈಯಿಟ್ಟು ಕೇಳಿದರು. "ಊರಿಗೆ ಹೋಗುದು ಯಾವಾಗ ನೀನು?"

ಅಲ್ಲಿಯವರೆಗೆ ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಅವರು ಹೋದ ಮೇಲೆ ಕೈ ಒರೆಸಿಕೊಂಡು ಹೊರಗೆ ನಿಲ್ಲಿಸಿದ್ದ ಒಂದು ಪಿಕಪ್ಪಿನ ಕನ್ನಡಿಯಲ್ಲಿ ಬಗ್ಗಿ ನೋಡಿದೆ. ಹಾಜಿ ಹೇಳಿದ್ದು ನಿಜವಾಗಿತ್ತು. ಬೆಳಕು ಚೆನ್ನಾಗಿಲ್ಲ ಎಂದು ಪಿಕಪ್ಪನ್ನು ಬಿಸಿಲಿಗೆ ತಿರುಗಿಸಿ ನಿಲ್ಲಿಸಿ ಇನ್ನೊಮ್ಮೆ ನೋಡಿದೆ. ಮರುದಿನ ಊರಿಗೆ ಹೊರಡುವ ಮಾತು ಹೇಳಲು ಮಾಲೀಕರ ಕೋಣೆಯ ಬಾಗಿಲು ತಟ್ಟಿದೆ.